ಕ್ಲಚ್ಚಿಗೆ ಎಣ್ಣೆಸ್ನಾನ

ನಮ್ಮವರ ಮುಖಕ್ಕಿಂತ ಮೊದಲು ನಾನು ಚೆನ್ನಾಗಿ ನೋಡಿದ್ದು ಅವರ ಎಡಗಾಲನ್ನು. ಈ ಮಾತು ಹೇಳಿದರೆ ಮನೆಯ ಮಕ್ಕಳು ಬಿದ್ದು ಬಿದ್ದು ನಗುತ್ತವೆ. ನಗಲಿ. ನಾನೂ ಇದನ್ನು ನಗದೆ ಯಾವತ್ತೂ ಹೇಳಿದವಳಲ್ಲ.

ಮದುವೆ ನಡೆದದ್ದು ಭದ್ರಾವತಿಯಲ್ಲಿ, ನಮ್ಮ ಮನೆಯ ಮುಂದಿನ ಚಪ್ಪರದಲ್ಲಿ, ಎರಡನೆಯ ಮಹಾಯುದ್ಧಕ್ಕೆ ಒಂದೆರಡು ವರ್ಷ ಮುಂಚೆ. ಅಂತರಪಟ ಸರಿದ ಕೂಡಲೇ ಅವರು ಹಾಕಿದ ಜೀರಿಗೆ ಬೆಲ್ಲ ತಲೆಯ ಮೇಲೆ ಬೀಳದೆ ನೇರ ನನ್ನ ಕಣ್ಣಿಗೆ ಬಿತ್ತು. ಆಮೇಲೆ ಹೋಮದ ಹೊಗೆ. ಇನ್ನು ಮುಖ ನೋಡುವ ಮಾತೆಲ್ಲಿ ಬಂತು? ಸಂಜೆ ನಮ್ಮಿಬ್ಬರನ್ನೂ ದೇವಸ್ಥಾನಕ್ಕೆ ಕಳಿಸಿದ್ದು ಅವರದೇ ಲಾರಿಯಲ್ಲಿ. ಲಾರಿ ಎಂದರೆ ದೊಡ್ಡದಲ್ಲ. ಮುಂದೆ ಮೂವರು ಒತ್ತಿಕೊಂಡು ಕೂರುವಷ್ಟು ಸೀಟು, ಹಿಂದೆ ಮೂಟೆ ಹಾಕಲು ಮರದ ತೊಟ್ಟಿ. ಈಗಿನವರು ಪಿಕಪ್ಪು ಎನ್ನುತ್ತಾರಲ್ಲ, ಅದರ ಮುತ್ತಜ್ಜ. ನಾವು ಚಿಕ್ಕ ಲಾರಿ ಎನ್ನುತ್ತಿದ್ದೆವು. ಸ್ಟೇರಿಂಗಿನ ಹಿಂದೆ ಅವರು, ನಡುವೆ ನಾನು, ಆ ತುದಿಯಲ್ಲಿ ಕಾವಲಿಗೆ ನನ್ನ ಅಜ್ಜಿ, ಅಪ್ಪನ ತಾಯಿ. ಹೊಸ ಮದುಮಗಳು ತಲೆ ಎತ್ತಿ ಕೂರುವ ಹಾಗಿಲ್ಲ. ನನ್ನ ತಲೆ ಒಂದಿಷ್ಟು ಮೇಲಕ್ಕೆದ್ದರೂ ಸಾಕು, ಅಜ್ಜಿ ಸೀರೆಯ ಮರೆಯಲ್ಲಿ ತೊಡೆ ಚಿವುಟುತ್ತಿದ್ದಳು.

ತಲೆ ತಗ್ಗಿಸಿ ಕೂತವಳಿಗೆ ಏನು ಕಾಣುತ್ತದೆ? ಕಾಲು. ಅವರು ಲಾರಿ ಓಡಿಸುವಾಗ ಚಪ್ಪಲಿ ಬಿಡುತ್ತಿದ್ದರು. ಬಿಳಿ ಪಂಚೆಯ ಅಂಚಿನ ಕೆಳಗೆ ಬರಿಗಾಲು, ಮದುವೆಗೆಂದು ಯಾರೋ ಹಚ್ಚಿದ ಅರಿಶಿನ ಇನ್ನೂ ಬೆರಳ ಸಂದಿಯಲ್ಲಿ ಹಾಗೇ ಇತ್ತು. ಎಡಗಾಲು ಒಂದು ಪೆಡಲನ್ನು ಒತ್ತುತ್ತಿತ್ತು, ಕೈ ಗೇರಿನ ಕೋಲನ್ನು ಸರಿಸುತ್ತಿತ್ತು, ಆಮೇಲೆ ಆ ಕಾಲು ಮೆಲ್ಲಗೆ, ಬಹಳ ಮೆಲ್ಲಗೆ ಮೇಲೇಳುತ್ತಿತ್ತು. ಎಡಗಾಲು ಏಳುತ್ತಾ ಬಂದ ಹಾಗೆ ಬಲಗಾಲು ಇಳಿಯುತ್ತಾ ಬರುತ್ತಿತ್ತು. ಮಲಗಿದ ಮಗುವನ್ನು ಎಬ್ಬಿಸದೆ ಪಕ್ಕದಿಂದ ಏಳುವವರ ಹಾಗೆ. ಇಷ್ಟು ನಯವಾಗಿ ಕಾಲೆತ್ತುವ ಮನುಷ್ಯ ಹೆಂಡತಿಯ ಮೇಲೆ ಕೂಗಾಡುವುದಿಲ್ಲ ಎಂದು ನನಗೆ ಅಲ್ಲೇ ಅನ್ನಿಸಿಬಿಟ್ಟಿತು. ಗೇರಿನ ಕೋಲು ನನ್ನ ಮೊಣಕಾಲಿಗೆ ತಾಗದ ಹಾಗೆ ಅವರು ಪಡುತ್ತಿದ್ದ ಪಾಡನ್ನು ನೋಡಿ ಒಳಗೊಳಗೇ ನಗು ಉಕ್ಕುತ್ತಿತ್ತು. ದೇವಸ್ಥಾನ ಬಂದಿದ್ದೇ ಗೊತ್ತಾಗಲಿಲ್ಲ. ದೇವರ ಮುಂದೆ ನಿಂತೂ ಆ ಎಡಗಾಲನ್ನೇ ನೆನೆಯುತ್ತಿದ್ದೆ, ದೇವರು ಕ್ಷಮಿಸಲಿ.

ಮದುವೆಯೇನೋ ಆಯಿತು, ಆದರೆ ಅಪ್ಪ ನನ್ನನ್ನು ಕಳಿಸಲಿಲ್ಲ.

ಅಪ್ಪ ಭದ್ರಾವತಿಯ ಶಾಲೆಯಲ್ಲಿ ಸಂಸ್ಕೃತದ ಮೇಷ್ಟ್ರು. ಮದುವೆಯ ಮಾತುಕತೆಯಲ್ಲಿ ಹುಡುಗ ಶಿವಮೊಗ್ಗದಲ್ಲಿ ವ್ಯಾಪಾರ ಮಾಡುತ್ತಾನೆ ಎಂದಷ್ಟೇ ಹೇಳಿದ್ದರು. ವ್ಯಾಪಾರ ಎಂದರೆ ಈಗ ಗಾಂಧಿ ಬಜಾರ್ ಎನ್ನುವ ಪೇಟೆಯಿಂದ ಬೆಲ್ಲ, ಬೇಳೆ, ಬಟ್ಟೆಯ ಗಂಟು ಹೇರಿಕೊಂಡು ತಾನೇ ಲಾರಿ ಓಡಿಸಿ ಭದ್ರಾವತಿಯ ಅಂಗಡಿಗಳಿಗೆ ಹಾಕುವುದು ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಅಪ್ಪನಿಗೆ ಅದು ತಿಳಿದದ್ದು ತಾಂಬೂಲ ಬದಲಾಯಿಸಿದ ಮೇಲೆ. ಆಡಿದ ಮಾತನ್ನು ತಪ್ಪುವವರಲ್ಲವಾದ್ದರಿಂದ ಮದುವೆ ಮಾಡಿಕೊಟ್ಟರು. ಕಳಿಸುವ ವಿಷಯ ಬಂದಾಗ ಮಾತ್ರ ಪಂಚಾಂಗ ಹಿಡಿದು ಕೂತರು. ಈ ತಿಂಗಳು ಸರಿ ಇಲ್ಲ, ಆ ವಾರ ಚೆನ್ನಾಗಿಲ್ಲ.

ನಿಜವಾದ ಕಾರಣ ಆ ಲಾರಿಯ ಕ್ಲಚ್ಚು. ಅದು ಚರ್ಮದ ಕ್ಲಚ್ಚು. ಕ್ಲಚ್ಚು ಎಂದರೆ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಇರುವ ದಳ್ಳಾಳಿ ಎಂದು ನಮ್ಮವರು ಹೇಳುತ್ತಿದ್ದರು. ಕಾಲು ಒತ್ತಿದರೆ ಇಬ್ಬರನ್ನೂ ಬಿಡಿಸಬೇಕು, ಕಾಲೆತ್ತಿದರೆ ಕೂಡಿಸಬೇಕು. ಚರ್ಮ ಒಣಗಿದರೆ ಈ ದಳ್ಳಾಳಿಗೆ ತಲೆ ಕೆಡುತ್ತಿತ್ತು. ಲಾರಿ ಕಪ್ಪೆಯಂತೆ ನೆಗೆದು ನಿಂತುಬಿಡುತ್ತಿತ್ತು. ಆಗ ಅವರು ಕಾಲಿನ ಬಳಿಯ ಹಲಗೆ ಎತ್ತಿ, ಕೆಳಗಿನ ಮುಚ್ಚಳ ತೆಗೆದು, ಚರ್ಮಕ್ಕೆ ಒಂದಿಷ್ಟು ಹರಳೆಣ್ಣೆ ಸವರುತ್ತಿದ್ದರು. ಒಮ್ಮೆ ನಮ್ಮ ಮನೆಯ ಮುಂದೆಯೇ ಹೀಗೆ ಮಾಡುತ್ತಿರುವುದನ್ನು ಅಜ್ಜಿ ನೋಡಿಬಿಟ್ಟಳು. ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ. ಹರಳೆಣ್ಣೆ ಅವಳ ಪ್ರಕಾರ ತಲೆನೋವಿನಿಂದ ಹಿಡಿದು ತಲೆಹರಟೆಯವರೆಗೆ ಎಲ್ಲಕ್ಕೂ ಮದ್ದು.

"ಕಂಡ್ಯಾ ಮಾರಾಯ್ತಿ," ಎಂದು ನನ್ನನ್ನು ಎಳೆದು ತೋರಿಸಿದಳು. "ಎಲ್ಲಿಯೋ ಸೀಮೇಲಿ ಮಾಡಿದ ಲಾರಿ. ಅದಕ್ಕೂ ಕೊನೆಗೆ ಬೇಕಾಗಿದ್ದು ನಮ್ಮ ಹರಳೆಣ್ಣೆನೇ."

ಅಂದಿನಿಂದ ಅವರು ಬಂದಾಗಲೆಲ್ಲ ಅಜ್ಜಿಯ ಮೊದಲ ಪ್ರಶ್ನೆ "ಲಾರಿಗೆ ಎಣ್ಣೆ ಹಚ್ಚಿದ್ರಾ?" ಎಂದು. ಎರಡನೆಯದು, "ಹಾಗೇ ದೇವಸ್ಥಾನದ ತನಕ ಒಂದು ಸುತ್ತು ಹೋಗಿ ಬರೋಣ್ವಾ?" ಅಜ್ಜಿ ಹೋಗುವುದಾದರೆ ಅವಳ ಕೈ ಹಿಡಿದು ಇಳಿಸಲು ನಾನೂ ಹೋಗಬೇಕಲ್ಲ. ಹೀಗೆ ನಾನು ಎಷ್ಟೋ ಸಲ ಆ ನಡುವಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತು ಕಾಲುಗಳನ್ನು ನೋಡಿದೆ. ಒಂದು ಮಾತು ಆಡಿದ್ದಿಲ್ಲ. ಹಾರನ್ನಿನ ಸದ್ದು ಬೀದಿಯ ಆ ತುದಿಯಲ್ಲಿ ಕೇಳಿದರೆ ಸಾಕು, ಕೊಡದಲ್ಲಿ ನೀರು ತುಂಬಿದ್ದರೂ ಚೆಲ್ಲಿ ಮತ್ತೆ ಬಾವಿಗೆ ಓಡುತ್ತಿದ್ದೆ, ಬಾವಿ ಬೀದಿಯ ಪಕ್ಕಕ್ಕಿತ್ತು. ಅಮ್ಮ ಎಲ್ಲ ನೋಡಿಯೂ ನೋಡದವಳಂತೆ ಇರುತ್ತಿದ್ದಳು.

ಅಪ್ಪನ ಕಿವಿಗೆ ಮಾತ್ರ ಬೇರೆ ಸುದ್ದಿಗಳೇ ಬೀಳುತ್ತಿದ್ದವು. ನಿಮ್ಮ ಅಳಿಯಂದಿರು ಮೊನ್ನೆ ಬಿಸಿಲಲ್ಲಿ ಲಾರಿಯ ಕೆಳಗೆ ಮಲಗಿದ್ದರು, ನಿನ್ನೆ ಮಳೆಯಲ್ಲಿ ಲಾರಿಯ ಮೇಲೆ ಕೂತಿದ್ದರು. "ನನ್ನ ಮಗಳು ರಸ್ತೆ ಬದೀಲಿ ಕೂರೋಕೆ ಹುಟ್ಟಿದವಳಲ್ಲ," ಎಂದು ಅಪ್ಪ ಅಮ್ಮನ ಹತ್ತಿರ ಹೇಳುವುದನ್ನು ನಾನೇ ಕೇಳಿದೆ. ನನಗೋ, ಅವರ ಜೊತೆಗಾದರೆ ರಸ್ತೆ ಬದಿಯಲ್ಲೇ ಒಲೆ ಹೂಡಿ ಸಂಸಾರ ಮಾಡೋಣ ಎನ್ನುವಷ್ಟು ಹುಚ್ಚು ಹಿಡಿದಿತ್ತು. ಗಂಡನ ಮನೆಗೆ ಕಳಿಸಿ ಎಂದು ಹೆಣ್ಣುಮಗಳು ಬಾಯಿಬಿಟ್ಟು ಕೇಳುವ ಕಾಲವಲ್ಲ ಅದು. ಸುಮ್ಮನೆ ಒಣಗಿದೆ.

ದೀಪಾವಳಿ ಬಂತು. ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ ಅಳಿಯನನ್ನು ಕರೆದು ಎಣ್ಣೆನೀರು ಹಾಕಬೇಕಲ್ಲ, ಕರೆದರು. ಅವರು ಬಂದದ್ದು ಬೇರೆ ಲಾರಿಯಲ್ಲಿ. ಹಳೆಯದನ್ನು ಕೊಟ್ಟು, ಯಾವುದೋ ಕಾಫಿ ತೋಟದ ದೊರೆ ಸ್ವಲ್ಪ ದಿನ ಓಡಿಸಿ ಬಿಟ್ಟಿದ್ದನ್ನು ತಂದಿದ್ದರು. ಇದರ ಕ್ಲಚ್ಚು ಚರ್ಮದ್ದಲ್ಲ, ಒಣ ತಟ್ಟೆಯದು. ನಂಬಿ ಕಾಶಿಗೂ ಹೋಗಬಹುದು ಎಂದು ಅಪ್ಪನಿಗೆ ವಿವರಿಸಿದರು. ಅಪ್ಪ ಕೇಳಿಸಿಕೊಂಡರು. ಅವತ್ತು ನೀರು ತುಂಬುವ ಹಬ್ಬದ ಸಂಜೆ, ಇಬ್ಬರೂ ಜಗಲಿಯಲ್ಲಿ ಕೂತಿದ್ದರು, ನಾನು ಬಾಗಿಲ ಸಂದಿಯಲ್ಲಿ.

"ಅಳಿಯಂದ್ರೇ, ನಂಗೆ ಲಾರಿ ಮೇಲೆ ದ್ವೇಷ ಏನಿಲ್ಲ," ಎಂದರು ಅಪ್ಪ. "ರೈಲಿಗೆ ಹಳಿ ಇದೆ, ಎತ್ತಿಗೆ ಬುದ್ಧಿ ಇದೆ. ನಿಮ್ಮ ಲಾರಿಗೆ ಏನಿದೆ ಹೇಳಿ?"

"ಕ್ಲಚ್ ಇದೆ ಮಾವ."

ನಾನು ಸೆರಗು ಕಚ್ಚಿಕೊಂಡೆ. ಅಪ್ಪ ನಗಲಿಲ್ಲ.

"ಸರಿ. ಪಾಡ್ಯದ ದಿನ ನಾವೆಲ್ಲ ಅದರಲ್ಲೇ ಕೂತು ಶಿವಮೊಗ್ಗಕ್ಕೆ ಬರ್ತೀವಿ. ದಾರೀಲಿ ಕೆಟ್ಟು ನಿಲ್ದೆ ಹೋದ್ರೆ ಮಗಳು ಅಲ್ಲೇ ಉಳೀಲಿ. ನಿಂತ್ರೆ ಅವಳು ನಮ್ಮ ಜೊತೆ ರೈಲಲ್ಲಿ ವಾಪಸ್ ಬರ್ತಾಳೆ. ನೀವು ಲಾರಿ ಮಾರಿ ಇಲ್ಲಿ ಕಾರ್ಖಾನೆ ಆಫೀಸಿಗೆ ಅರ್ಜಿ ಹಾಕ್ಬೇಕು. ಕೆಲಸ ಸಿಕ್ಕಿದ ಮೇಲೆ ಸಂಸಾರ."

"ಆಗ್ಲಿ ಮಾವ," ಎಂದರು ನಮ್ಮವರು, ಒಂದು ಕ್ಷಣವೂ ಯೋಚಿಸದೆ. ಆ ಧೈರ್ಯಕ್ಕೆ ನನಗೆ ಹೆಮ್ಮೆಯೂ ಆಯಿತು, ಭಯವೂ ಆಯಿತು. ನನ್ನ ಇಡೀ ಬದುಕು ಒಂದು ತಟ್ಟೆಯ ಮೇಲೆ ನಿಂತಿತ್ತು. ಆ ತಟ್ಟೆ ಹೇಗಿದೆ ಎಂದು ನೋಡಿಯೂ ಇರಲಿಲ್ಲ.

ಚತುರ್ದಶಿಯ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದವಳು ಅಜ್ಜಿ. ಹಂಡೆಗೆ ಉರಿ ಹಾಕಿ, ಹಸುವಿಗೂ ಕರುವಿಗೂ ಎಣ್ಣೆ ಸವರಿ, ಅಳಿಯನನ್ನು ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ತಟ್ಟಿ, ಸೀಗೆಪುಡಿ ಹಾಕಿ ಕೂದಲು ಉಜ್ಜುವಷ್ಟರಲ್ಲಿ ಪಾಪ ಅವರ ಕಣ್ಣು ಕೆಂಡದಂತಾಗಿತ್ತು. ನಾನು ಹೊರಗೆ ಬಂದು ನೋಡಿದರೆ ಲಾರಿಗೂ ಹಬ್ಬ ಆಗಿತ್ತು. ಬಾನೆಟ್ಟಿನ ಮೇಲೆ ಕುಂಕುಮ, ಚೆಂಡುಹೂವಿನ ಮಾಲೆ, ನಾಲ್ಕೂ ಚಕ್ರಕ್ಕೆ ಎಣ್ಣೆಯ ಬೊಟ್ಟು. ಅಪ್ಪ ಕೂಡ ಅದನ್ನು ನೋಡಿ ಒಳ್ಳೆಯದಾಯಿತು ಎಂದರು. ಅಜ್ಜಿ ಎಣ್ಣೆ ಮುಟ್ಟಿಸಿದ್ದು ಹೊರಗೆ ಮಾತ್ರವಲ್ಲ ಎಂದು ನಮಗ್ಯಾರಿಗೂ ಆಗ ಗೊತ್ತಾಗಲಿಲ್ಲ. ಅವಳು ಮುಚ್ಚಿಟ್ಟಳು ಎಂದಲ್ಲ, ಯಾರೂ ಕೇಳಲಿಲ್ಲ ಅಷ್ಟೆ. ಪಾಡ್ಯದವರೆಗೆ ಲಾರಿ ನಿಂತಲ್ಲೇ ನಿಂತಿತ್ತು.

ಪಾಡ್ಯದ ಬೆಳಗ್ಗೆ ಹೊರಟೆವು. ಮುಂದೆ ನಮ್ಮವರು, ಪಕ್ಕದಲ್ಲಿ ನ್ಯಾಯಾಧೀಶರ ಹಾಗೆ ಶಾಲು ಹೊದ್ದ ಅಪ್ಪ. ಹಿಂದಿನ ತೊಟ್ಟಿಯಲ್ಲಿ ಚಾಪೆಯ ಮೇಲೆ ಹೋಳಿಗೆಯ ಪಾತ್ರೆ ಅಪ್ಪಿಕೊಂಡ ಅಮ್ಮ, ತನ್ನ ಗಂಟು ಅಪ್ಪಿಕೊಂಡ ಅಜ್ಜಿ, ಅಪ್ಪಿಕೊಳ್ಳಲು ಏನೂ ಇಲ್ಲದ ನಾನು. ನನ್ನ ಟ್ರಂಕನ್ನು ಹತ್ತಿಸಲು ಅಪ್ಪ ಬಿಟ್ಟಿರಲಿಲ್ಲ. "ಮೊದ್ಲು ಇದು ತಲುಪಲಿ," ಎಂದಿದ್ದರು.

ಬೀದಿ ದಾಟುವ ಮುಂಚೆಯೇ ಏನೋ ಸರಿಯಿಲ್ಲ ಎನ್ನಿಸಿತು. ಎಂಜಿನ್ನು ಆರ್ಭಟಿಸುತ್ತಿತ್ತು, ಲಾರಿ ಮಾತ್ರ ಮೆಲ್ಲಗೆ ಮೆಲ್ಲಗೆ ಹೋಗುತ್ತಿತ್ತು, ಮದುವೆ ದಿಬ್ಬಣದ ನಡಿಗೆ. ಕಾರ್ಖಾನೆಯ ಹತ್ತಿರ ಪಾಳಿ ಮುಗಿಸಿ ಬರುತ್ತಿದ್ದ ತಮಿಳರ ಗುಂಪೊಂದು ನಿಂತು ನೋಡಿ, ಏನಯ್ಯಾ, ನಿಮ್ಮ ವಂಡಿ ತೂಂಗುತ್ತಾ, ನಿದ್ದೆಯಾ ಎಂದು ನಗಾಡಿತು. ಸೇತುವೆ ದಾಟಿ ಊರು ಬಿಟ್ಟ ಮೇಲೆ ಸಪಾಟು ರಸ್ತೆಯಲ್ಲಿ ಹೇಗೋ ಓಟ ಹಿಡಿಯಿತು. ನಾನು ಉಸಿರು ಬಿಟ್ಟೆ. ಎಲ್ಲಿಂದಲೋ ಕರಿದ ವಾಸನೆ ಬರುತ್ತಿತ್ತು. ಹಬ್ಬದ ದಿನ ಯಾರ ಮನೆಯಲ್ಲಿ ಕರಿಯುವುದಿಲ್ಲ ಎಂದು ಅಮ್ಮ ಹೇಳಿದಳು.

ಅರ್ಧ ದಾರಿಯಲ್ಲಿ ಒಂದು ಏರು. ಏರು ಎಂದರೆ ಆಗುಂಬೆ ಘಾಟಿಯಲ್ಲ, ಕೈಗಾಡಿ ತಳ್ಳುವವನು ಒಮ್ಮೆ ಬೆವರು ಒರೆಸಿಕೊಳ್ಳುವಷ್ಟು. ಲಾರಿ ಅದರ ಬುಡಕ್ಕೆ ಬಂದು, ಕಾಲು ಭಾಗ ಏರಿ, ಗಂಟಲು ಹರಿಯುವ ಹಾಗೆ ಕೂಗುತ್ತಾ ತೆವಳತೊಡಗಿತು. ಅದೇ ಹೊತ್ತಿಗೆ ರೈತನೊಬ್ಬ ತನ್ನ ಜೋಡಿ ಎತ್ತುಗಳನ್ನು ಹೊಡೆದುಕೊಂಡು ಬಂದ. ಪಾಡ್ಯದ ದಿನ ದನಗಳಿಗೆ ಪೂಜೆ. ಕೊಂಬಿಗೆ ಬಣ್ಣ, ಕೊರಳಿಗೆ ಹೂವು, ಹಣೆಗೆ ಅರಿಶಿನ. ಎತ್ತುಗಳು ಗಂಟೆ ಆಡಿಸುತ್ತಾ ನಮ್ಮನ್ನು ಹಿಂದೆ ಹಾಕಿ ಹೋದವು. ಅವುಗಳಲ್ಲಿ ಒಂದು ತಿರುಗಿ ಅಪ್ಪನ ಮುಖ ನೋಡಿತು, ಆಣೆ ಮಾಡಿ ಹೇಳುತ್ತೇನೆ. ನಾನು ತಡೆದುಕೊಳ್ಳಲಾಗದೆ ಕಿಸಕ್ಕನೆ ನಕ್ಕೆ. ಲಾರಿ ನಿಂತಿತು.

"ನಿಂತ್ಕಂತಲ್ಲ ಬುದ್ಧಿ," ಎಂದ ರೈತ, ತಿರುಗಿ ನಿಂತು. "ಎಳ್ದು ಕೊಡ್ತಿದ್ದೆ. ಆದ್ರೆ ಇವತ್ತು ಇವುಕ್ಕೆ ನೊಗ ಇಡಂಗಿಲ್ಲ ನೋಡಿ. ಹಬ್ಬ." ಅಷ್ಟು ಹೇಳಿ ಗಂಟೆಯ ಸದ್ದಿನೊಡನೆ ಏರು ಹತ್ತಿ ಹೋದ.

ನಾವೆಲ್ಲ ಇಳಿದೆವು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟದ್ದಾಯಿತು. ನಮ್ಮವರು ಕಾಲಿನ ಬಳಿಯ ಹಲಗೆ ಎತ್ತಿ, ಮುಚ್ಚಳ ತೆಗೆದು ಒಳಗೆ ಬೆರಳಿಟ್ಟರು. ಬೆರಳು ಮಿರಮಿರ ಮಿಂಚುತ್ತಾ ಬಂತು. ಮೂಸಿದರು. ಹರಳೆಣ್ಣೆ. ಅವರು ನಿಧಾನವಾಗಿ ತಲೆಯೆತ್ತಿ ಅಜ್ಜಿಯನ್ನು ನೋಡಿದರು.

"ಹೌದು, ನಾನೇ ಹಾಕಿದ್ದು," ಎಂದಳು ಅಜ್ಜಿ. "ಹಬ್ಬದ ದಿನ ದನಕ್ಕೆ ಹಚ್ಚಿ, ಕರುವಿಗೆ ಹಚ್ಚಿ, ನಿಮಗೂ ಹಚ್ಚಿ ಅದೊಂದನ್ನ ಹಾಗೇ ಬಿಡೋಕಾಗತ್ತಾ? ನೀವು ಹಾಕ್ತಿದ್ದ ಜಾಗದಲ್ಲೇ ಹಾಕಿದೀನಿ. ಒಂದು ಗಿಂಡಿ ಪೂರ್ತಿ ಕುಡೀತು, ಪಾಪ. ಎಷ್ಟು ದಿನದಿಂದ ಒಣಗಿತ್ತೋ."

ನಮ್ಮವರು ಅಲ್ಲೇ ರಸ್ತೆಯ ಅಂಚಿನಲ್ಲಿ ಕೂತುಬಿಟ್ಟರು. ಅಳುತ್ತಾರೋ ಏನೋ ಎಂದು ನೋಡಿದರೆ ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ, ಹೆಗಲು ಕುಣಿಸುತ್ತಾ. ಅದನ್ನು ನೋಡಿ ನನಗೂ ಶುರುವಾಯಿತು. ಹೋಳಿಗೆ ಪಾತ್ರೆಯ ಹಿಂದೆ ಅಮ್ಮನಿಗೂ ಶುರುವಾಯಿತು. ಅಪ್ಪ ಬಾಯಿ ತೆರೆದರು. ಬೇರೆ ಯಾರೇ ಆಗಿದ್ದರೂ ಅಮರಕೋಶದಲ್ಲಿರುವ ಬೈಗುಳವೆಲ್ಲ ಹೊರಬರುತ್ತಿತ್ತು. ಎದುರಿಗಿದ್ದವಳು ಹೆತ್ತ ತಾಯಿ. ಬಾಯಿ ಮುಚ್ಚಿಕೊಂಡು, ಶಾಲು ಸರಿಪಡಿಸಿಕೊಂಡು ಇಷ್ಟೇ ಅಂದರು:

"ಅಂತೂ ನಿಂತಿತು."

ನನ್ನ ನಗು ಅಲ್ಲಿಗೆ ಆರಿಹೋಯಿತು. ಸಂಜೆಯ ರೈಲು, ಅಪ್ಪನ ಪಕ್ಕದ ಸೀಟು, ಮತ್ತೆ ಅದೇ ಬಾವಿ ಅದೇ ಕೊಡ, ಎಲ್ಲ ಕಣ್ಣ ಮುಂದೆ ಬಂತು. ಮೊದಲ ಸಲ ನಮ್ಮವರ ಮುಖವನ್ನು ನೆಟ್ಟಗೆ ನೋಡಿದೆ, ಅಪ್ಪನ ಎದುರಿಗೇ. ಅವರೂ ನಗು ನಿಲ್ಲಿಸಿದ್ದರು.

"ಇದಕ್ಕೆ ಎಣ್ಣೆ ಆಗಲ್ಲ ಅಜ್ಜಿ," ಎಂದರು ಮೆಲ್ಲಗೆ. "ಇದು ಒಣಗೇ ಇರ್ಬೇಕು. ಎಣ್ಣೆ ಬಿದ್ರೆ ಜಾರತ್ತೆ, ಹಿಡಿಯಲ್ಲ."

"ಹಂಗಾದ್ರೆ ತೆಗೀರಿ ಎಣ್ಣೇನ. ಅದಕ್ಕೇನು ಮಹಾ? ಎಣ್ಣೆ ಹಚ್ಚಿಸ್ಕೊಂಡವರು ಸೀಗೆ ಹಾಕಿಸ್ಕೊಳ್ದೆ ಬಚ್ಚಲಿಂದ ಏಳ್ತಾರಾ? ನಿಮಗೆ ಹಾಕಿದ್ದೆ, ಅದಕ್ಕೆ ಹಾಕೋದು ಮರೆತೆ. ತಪ್ಪು ನಂದೇ." ಹೀಗೆಂದು ಅಜ್ಜಿ ಗಂಟು ಬಿಚ್ಚಿ ಒಂದು ಡಬ್ಬಿ ತೆಗೆದಳು. ಬೇರೆಯವರ ಮನೆಯ ಸೀಗೆಪುಡಿಯಲ್ಲಿ ಮರಳು ಇರುತ್ತದೆ ಎಂದು ಎಲ್ಲಿಗೆ ಹೋದರೂ ತನ್ನದನ್ನೇ ಒಯ್ಯುವವಳು ಅವಳು.

ನಮ್ಮವರು ಮತ್ತೆ ನಗಲು ಹೊರಟವರು ಅರ್ಧಕ್ಕೆ ತಡೆದರು. ಡಬ್ಬಿ ತೆಗೆದುಕೊಂಡು ಒಂದು ಚಿಟಿಕೆ ಪುಡಿಯನ್ನು ಎಣ್ಣೆಯ ಬೆರಳಿಗೆ ಉಜ್ಜಿದರು. ಬೆರಳು ಒಣಗಿತು. ಇನ್ನೊಮ್ಮೆ ಉಜ್ಜಿದರು. "ಅಜ್ಜೀ," ಎಂದರು, "ನೀವು ಮುಂದೆ ಹತ್ತಿ ಕೂತ್ಕೊಳಿ."

ಆಮೇಲೆ ನಡೆದದ್ದನ್ನು ನೆನೆದರೆ ಇವತ್ತಿಗೂ ಕೂತಲ್ಲಿ ಕೂರಲಾಗುವುದಿಲ್ಲ. ಕ್ಲಚ್ಚಿನ ಪೆಡಲನ್ನು ಯಾರಾದರೂ ಒತ್ತಿ ಹಿಡಿದರೆ ತಟ್ಟೆಗಳು ಬಿಡಿಸಿಕೊಳ್ಳುತ್ತವೆ. ಇನ್ನೊಬ್ಬರು ಎಂಜಿನ್ನು ಹೊತ್ತಿಸಲು ಮುಂದೆ ಸಿಕ್ಕಿಸುವ ಹ್ಯಾಂಡಲ್ಲನ್ನು ಮೆಲ್ಲಗೆ ತಿರುಗಿಸುತ್ತಾ ಹೋದರೆ ಒಳಗೆ ಸುತ್ತಲೂ ಸ್ವಲ್ಪ ಪೆಟ್ರೋಲು ಹಾಕಿ ತೊಳೆಯಬಹುದು, ಆಮೇಲೆ ಸೀಗೆಪುಡಿ ಉದುರಿಸಬಹುದು. ನಮ್ಮವರ ಎರಡು ಕೈಯೂ ಆ ತೂತಿನ ಬಳಿ ಬೇಕು. ಅಪ್ಪನನ್ನು ಸೀಟಿನಲ್ಲಿ ಕೂರಿಸಿ ಪೆಡಲು ಒತ್ತಲು ಹೇಳಿದರು.

"ಮಾವ, ಅದು ಬ್ರೇಕು."

"ಇದಾ?"

"ಅದು ಆಕ್ಸಿಲರೇಟರು."

"ಮೂರೇ ಇರೋದು, ಇನ್ನೆಲ್ಲಿದೆ ನಿಮ್ಮ ಕ್ಲಚ್ಚು?" ಎಂದು ಅಪ್ಪ ಪಂಚೆ ಎತ್ತಿ ನೋಡಿ, ಕೊನೆಗೆ ಸರಿಯಾದುದನ್ನು ಒತ್ತಿದರು. ಅದರ ಸ್ಪ್ರಿಂಗು ಬಿಗಿ. ಎರಡು ಸಲ ಕಾಲು ಜಾರಿತು. ಎರಡನೆಯ ಸಲ ನಮ್ಮವರ ಬೆರಳು ಸಿಕ್ಕಿಕೊಳ್ಳುವುದು ಸ್ವಲ್ಪದರಲ್ಲಿ ತಪ್ಪಿತು. ನನಗೆ ಇನ್ನು ತಡೆಯಲಾಗಲಿಲ್ಲ.

"ಅಪ್ಪಾ, ಇಳೀರಿ," ಎಂದೆ.

ನಾನು ಹತ್ತಿ ಕೂತೆ. ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡೆ. ಎಡಗಾಲನ್ನು ಯಾರೂ ಹೇಳದೆ ನೇರ ಕ್ಲಚ್ಚಿನ ಮೇಲಿಟ್ಟು ಪೂರ್ತಿ ಒತ್ತಿದೆ. ನಮ್ಮವರು ತೂತಿನೊಳಗಿಂದ, "ಬಿಡು... ಒತ್ತು... ಅರ್ಧ ಬಿಡು," ಎಂದರು. ಬಿಟ್ಟೆ, ಒತ್ತಿದೆ, ಅರ್ಧ ಬಿಟ್ಟೆ. ಅಪ್ಪ ಮುಂದೆ ಹೋಗಿ ಹ್ಯಾಂಡಲ್ ತಿರುಗಿಸುತ್ತಿದ್ದರು. ಮಂತ್ರ ಹೇಳುವವರ ಗಾಂಭೀರ್ಯದಿಂದ ತಿರುಗಿಸುತ್ತಾ ಗಾಜಿನ ಆಚೆಯಿಂದ ನನ್ನನ್ನೇ ನೋಡುತ್ತಿದ್ದರು. ಪೆಟ್ರೋಲು ಕೆಳಗಿಳಿದು, ಗಾಳಿಗೆ ಆರಿದ ಮೇಲೆ ಅಜ್ಜಿಯ ಸರದಿ. ಅವಳು ಪುಡಿ ಉದುರಿಸುತ್ತಾ, ಅಳಿಯನಿಗೆ ಎರೆಯುವಾಗ ಹಾಡಿದ್ದ ಎಣ್ಣೆಹಾಡನ್ನೇ ಲಾರಿಗೂ ಹಾಡಿದಳು. ಪುಡಿ ಮೂಗಿಗೇರಿ ಎಲ್ಲರೂ ಸರದಿಯಂತೆ ಸೀನಿದೆವು.

ಮುಚ್ಚಳ ಹಾಕಿದ್ದಾಯಿತು. ಎಂಜಿನ್ನು ಹೊತ್ತಿದ ಕೂಡಲೇ ಹೊರಡಲೆಂದು ನಮ್ಮವರು ಲಾರಿಯನ್ನು ಮೊದಲ ಗೇರಿನಲ್ಲಿಟ್ಟರು. ಕ್ಲಚ್ಚು, ಬ್ರೇಕು ಎರಡನ್ನೂ ಒತ್ತಿ ಹಿಡಿ ಎಂದು ನನಗೆ ಹೇಳಿ, ಹ್ಯಾಂಡಲ್ ತಿರುವಿದರು. ಎಂಜಿನ್ನು ಹೊತ್ತಿಕೊಂಡಿತು. ಅವರು ಪಕ್ಕಕ್ಕೆ ಸರಿದು ನನ್ನ ಕಡೆಯ ಬಾಗಿಲಿಗೆ ಬರುತ್ತಿದ್ದರು.

"ಸಾಕಿನ್ನು, ಇಳಿ," ಎಂದರು ಅಪ್ಪ ರಸ್ತೆಯಿಂದ. "ಇದು ನಡೆದ್ರೂ ಅಷ್ಟೆ, ಬಿಟ್ರೂ ಅಷ್ಟೆ. ಸಂಜೆ ರೈಲಿಗೆ ಹೋಗೋಣ."

ಇಳಿದರೆ ಮುಗಿಯಿತು ಅನ್ನಿಸಿತು. ಇಳಿದವಳು ಮತ್ತೆ ಹತ್ತುವುದು ಯಾವಾಗಲೋ, ಯಾವ ಪಂಚಾಂಗದ ಯಾವ ಪುಟದಲ್ಲೋ. ಮುಂದೆ ರಸ್ತೆ ಖಾಲಿ ಇತ್ತು. ಕಣ್ಣ ಮುಂದೆ ಆ ಅರಿಶಿನದ ಕಾಲುಗಳು ಬಂದವು. ಎಡಗಾಲು ಮೆಲ್ಲಗೆ ಮೇಲೆ, ಬಲಗಾಲು ಬ್ರೇಕು ಬಿಟ್ಟು ಪಕ್ಕಕ್ಕೆ, ಮೆಲ್ಲಗೆ ಕೆಳಗೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಪಾದದಡಿಯಲ್ಲಿ ಏನೋ ಗಬಕ್ಕನೆ ಹಿಡಿಯಿತು. ಹಿಡಿಯಿತು! ಲಾರಿ ನನ್ನನ್ನು ಸೀಟಿನ ಬೆನ್ನಿಗೆ ತಳ್ಳಿ ಮುಂದಕ್ಕೆ ಹೊರಟೇಬಿಟ್ಟಿತು.

"ಅಯ್ಯೋ ನಿನ್ನ!" ಎಂದು ಅಜ್ಜಿ ನನ್ನ ತೋಳು ಹಿಡಿದುಕೊಂಡಳು. ಮರುಕ್ಷಣವೇ, "ಹೋಗ್ಲಿ, ಹೋಗ್ಲಿ, ಬಿಡಬೇಡ," ಎಂದು ಸೀಟಿನ ಮೇಲೆ ಕುಣಿಯತೊಡಗಿದಳು. ಹಲಗೆಯ ಸಂದಿಯಿಂದ ಸೀಗೆಪುಡಿ ಬುಸ್ ಬುಸ್ ಎಂದು ಏಳುತ್ತಿತ್ತು, ಇಬ್ಬರೂ ಸೀನುತ್ತಾ ನಗುತ್ತಾ ಕಿರುಚುತ್ತಾ ಏರು ಹತ್ತುತ್ತಿದ್ದೆವು. ಇಡೀ ರಸ್ತೆ ಹಬ್ಬದ ಬಚ್ಚಲುಮನೆಯಂತೆ ಘಮ್ಮೆನ್ನುತ್ತಿತ್ತು. ಹೊರಗೆ ತಲೆ ಹಾಕಿ ಹಿಂದೆ ನೋಡಿದೆ. ಹ್ಯಾಂಡಲ್ ಕೈಯಲ್ಲಿ ಹಿಡಿದು ನಮ್ಮವರು ಓಡಿ ಬರುತ್ತಿದ್ದರು. ಅವರ ಹಿಂದೆ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ ಅಪ್ಪ, ಶಾಲು ರಸ್ತೆ ಗುಡಿಸುತ್ತಿತ್ತು. ಅವರ ಹಿಂದೆ ಹೋಳಿಗೆ ಪಾತ್ರೆ ತಲೆಯ ಮೇಲಿಟ್ಟ ಅಮ್ಮ. ಏರಿನ ನೆತ್ತಿಯಲ್ಲಿ, ನಮ್ಮ ಪಾಡು ನೋಡುತ್ತಾ ಅಲ್ಲೇ ಉಳಿದಿದ್ದ ಆ ರೈತ ಎತ್ತುಗಳನ್ನು ಬದಿಗೆ ಎಳೆದುಕೊಂಡು ಬಾಯಿ ತೆರೆದು ನಿಂತಿದ್ದ. ಅಷ್ಟು ಸಂತೋಷ ನಾನು ನನ್ನ ಮದುವೆಯಲ್ಲೂ ಪಟ್ಟಿರಲಿಲ್ಲ.

ನೆತ್ತಿಯಲ್ಲಿ ಎರಡೂ ಕಾಲು ಒತ್ತಿ ನಿಲ್ಲಿಸಿದೆ. ನಮ್ಮವರು ಬಂದು ಬಾಗಿಲು ಹಿಡಿದು ಏದುಸಿರು ಬಿಡುತ್ತಾ ನನ್ನನ್ನೇ ನೋಡುತ್ತಾ ನಿಂತರು. ಆಮೇಲೆ ಅಪ್ಪ ಬಂದರು. ಬೈಗುಳಕ್ಕೆ ಸಿದ್ಧಳಾಗಿ ಕೂತೆ, ತಲೆ ತಗ್ಗಿಸಲಿಲ್ಲ.

"ಯಾರು ಹೇಳಿಕೊಟ್ರು ನಿಂಗೆ?"

"ಯಾರೂ ಇಲ್ಲಪ್ಪ. ತಲೆ ತಗ್ಗಿಸಿ ಕೂತಿರ್ತಿದ್ನಲ್ಲ. ಇವರ ಕಾಲು ಕಾಣ್ತಿತ್ತು."

ಅಪ್ಪ ನಮ್ಮವರ ಕಾಲು ನೋಡಿದರು. ನನ್ನ ಕಾಲು ನೋಡಿದರು. ಅಜ್ಜಿಯ ಮುಖ ನೋಡಿದರು. ಅವಳು ತಿರುಗಿ ಎತ್ತುಗಳನ್ನು ಎಣಿಸುವವಳಂತೆ ಆ ಕಡೆ ನೋಡುತ್ತಿದ್ದಳು, ಇದ್ದದ್ದು ಎರಡೇ ಎತ್ತು. ಅಪ್ಪ ಜಾರಿದ್ದ ಶಾಲನ್ನು ಎತ್ತಿ ಧೂಳು ಕೊಡವಿದರು. ಮಗಳನ್ನು ಇಷ್ಟು ದಿನ ಯಾವುದರಿಂದ ಕಾಪಾಡುತ್ತಿದ್ದೇನೆ ಎಂದು ಲೆಕ್ಕ ಹಾಕುತ್ತಿದ್ದರೋ ಏನೋ. ಅವರು ಸಿಟ್ಟಾಗಿರಲಿಲ್ಲ. ಒಂದು ಸಣ್ಣ ಏರು ಹತ್ತುವಷ್ಟರಲ್ಲಿ ವಯಸ್ಸಾದವರ ಹಾಗೆ ಕಂಡರು.

ಉಳಿದ ದಾರಿಯನ್ನು ನಮ್ಮವರೇ ಓಡಿಸಿದರು. ಅಪ್ಪ ತಾವಾಗಿಯೇ ಹಿಂದಿನ ತೊಟ್ಟಿಗೆ ಹೋಗಿ ಅಮ್ಮನ ಪಕ್ಕ ಕೂತು, ಮುಂದಿನ ಸೀಟನ್ನು ನನಗೂ ಅಜ್ಜಿಗೂ ಬಿಟ್ಟರು. ಶಿವಮೊಗ್ಗ ಸೇರುವವರೆಗೆ ಕ್ಲಚ್ಚು ಎಲ್ಲೂ ಜಾರಲಿಲ್ಲ. ಅವರ ಮನೆಯಲ್ಲಿ ಊಟ ಆಯಿತು. ಷರತ್ತಿನ ಮಾತನ್ನು ಯಾರೂ ಎತ್ತಲಿಲ್ಲ. ನನಗೆ ಹೋಳಿಗೆ ಇಳಿಯಲೇ ಇಲ್ಲ.

ಸಂಜೆ ಎಲ್ಲರೂ ಸ್ಟೇಷನ್ನಿಗೆ ಹೋದೆವು. ಅಮ್ಮ, ಅಜ್ಜಿ ಹತ್ತಿ ಕೂತರು. ನಾನು ಪ್ಲಾಟ್‌ಫಾರಮ್ಮಿನ ಮೇಲೆ, ಹತ್ತಬೇಕೋ ಬೇಡವೋ ತಿಳಿಯದೆ ನಿಂತಿದ್ದೆ. ಅಪ್ಪ ಹತ್ತಿದರು, ಒಳಗಿನಿಂದ ಬಾಗಿಲು ಹಾಕಿಕೊಂಡರು, ಕಿಟಕಿಗೆ ಬಂದರು.

"ನಿನ್ನ ಟ್ರಂಕನ್ನ ನಾಳೆ ರೈಲಿಗೆ ಹಾಕಿಸ್ತೀನಿ," ಎಂದರು ನನಗೆ. ಆಮೇಲೆ ನನ್ನ ಕಡೆ ನೋಡಲಿಲ್ಲ, ನೋಡಲಾಗಲಿಲ್ಲ ಅನ್ನಿಸುತ್ತದೆ. ರೈಲು ಅಲುಗಾಡಿದಾಗ ನಮ್ಮವರನ್ನು ಹತ್ತಿರ ಕರೆದರು. ಮಗಳನ್ನು ಚೆನ್ನಾಗಿ ನೋಡಿಕೊಳ್ಳಿ ಎನ್ನುತ್ತಾರೆ ಎಂದು ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಅವರು ಅಂದದ್ದು ಬೇರೆ.

"ಅಳಿಯಂದ್ರೇ, ನಾಳೆನೇ ಆ ಕ್ಲಚ್ಚನ್ನ ಪೂರ್ತಿ ಬಿಚ್ಚಿ ಸರಿಯಾಗಿ ನೋಡಿ. ಸೀಗೆಪುಡಿ ನಂಬ್ಕೊಂಡು ಕೂರಬೇಡಿ. ನನ್ನ ಮಗಳು ಓಡಿಸೋ ಗಾಡಿ ಅದು."